ಬೆರಳು ಹಗುರಾದಾಗ ಬೇಸ್ ತುಂಬಿ ಬಂತು

ಬೆಳಗಾವಿಯಲ್ಲಿ ಗಣೇಶ ಹಬ್ಬ ಬಂತೆಂದರೆ ನಮ್ಮಂಥ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ. ಮೊದಮೊದಲು ಡ್ರಮ್ಸ್ ಪಕ್ಕ ನಿಂತರೆ ನನ್ನ ಬೇಸ್ ಗಿಟಾರ್ ನನಗೇ ಕೇಳುತ್ತಿರಲಿಲ್ಲ. ಕೇಳಲಿಲ್ಲ ಅಂತ ತಂತಿಯನ್ನು ಇನ್ನೂ ಜೋರಾಗಿ ಎಳೆಯುತ್ತಿದ್ದೆ. ಮೂರು ತಾಸು ನುಡಿಸುವಷ್ಟರಲ್ಲಿ, ತಂತಿ ಒತ್ತಿ ಹಿಡಿಯುವ ಎಡಗೈ ಹೆಬ್ಬೆರಳ ಬುಡ ಸೆಟೆದುಕೊಳ್ಳುತ್ತಿತ್ತು. ಆಮೇಲೆ ರೆಕಾರ್ಡಿಂಗ್ ಕೇಳಿದರೆ ಬರೀ ಟಕ್ ಟಕ್. ದಪ್ಪ ನಾದವೇ ಇಲ್ಲ.

ದಾರಿ ತೋರಿಸಿದ್ದು ಮನೆಯ ತಂಬೂರಿ. ಮಿರಜದಿಂದ ತಂದದ್ದು, ನಮ್ಮ ಸೋದರತ್ತೆಯದು. ಒಂದು ದಿನ ನಾನು ಅದನ್ನು ಮೀಟುವುದನ್ನು ನೋಡಿ, "ಜಗ್ಗಬ್ಯಾಡೋ ತಮ್ಮಾ, ಸುಮ್ನ ಸವರು" ಅಂದರು. ಸವರಿದೆ. ಕೋಣೆಯೆಲ್ಲ ತುಂಬಿತು.

ಅವತ್ತು ರಾತ್ರಿಯೇ ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪಿನ ವಾಲ್ಯೂಮ್ ಏರಿಸಿ, ಮೀಟುವ ಬಲಗೈ ಜೋರನ್ನು ಅರ್ಧಕ್ಕೆ ಇಳಿಸಿದೆ. ಟಕ್ ಸದ್ದು ಎಲ್ಲಿಂದ ಬರುತ್ತಿತ್ತು ಅಂತ ಆಗ ಗೊತ್ತಾಯಿತು. ಜೋರಾಗಿ ಎಳೆದ ತಂತಿ ಅಗಲವಾಗಿ ಕುಣಿದು, ಗಿಟಾರ್ ಹಿಡಿಯ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳಿಗೆ ಬಡಿಯುತ್ತದೆ. ನಾನು ಹಾಕಿದ ಶಕ್ತಿ ಅಲ್ಲೇ ಪೋಲಾಗುತ್ತಿತ್ತು. ಸ್ವರದ ಏರಿಳಿತ ತೋರಿಸುವ ಟ್ಯೂನರ್ ಇಟ್ಟು ನೋಡಿದರೆ ಇನ್ನೊಂದು ಸಂಗತಿ. ಜೋರಾಗಿ ಎಳೆದ ಕೂಡಲೇ ಸ್ವರ ಸ್ವಲ್ಪ ಮೇಲೆ ಹೋಗಿ, ಆಮೇಲೆ ಜಾಗಕ್ಕೆ ಇಳಿಯುತ್ತಿತ್ತು. ಸುಮಾರು 41 ಹರ್ಟ್ಸ್‌ನ ದಪ್ಪ ಇ (E) ಸ್ವರದ ತಂತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಎಡಗೈ ತಿದ್ದಲು ಜಾಸ್ತಿ ದಿನ ಬೇಕಾಯಿತು. ತಂತಿಯ ಮೇಲೆ ಬೆರಳನ್ನು ಸುಮ್ನೆ ಇಟ್ಟು ಮೀಟುತ್ತಿದ್ದೆ. ಮೊದಲು ಮಂಕು ಸದ್ದು. ಸ್ವಲ್ಪಸ್ವಲ್ಪವೇ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಸ್ವರ ಸ್ವಚ್ಛವಾಗಿ ಹೊರಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಷ್ಟೇ ಸಾಕು ಅಂತ ಕೈಗೆ ನಂಬಿಕೆ ಬರಲು ನನಗೆ ಎರಡು ತಿಂಗಳು ಹಿಡಿಯಿತು. ಬೆರಳು ಫ್ರೆಟ್‌ನ ಹಿಂದೆಯೇ, ಅದಕ್ಕೆ ತೀರಾ ಹತ್ತಿರ ಇದ್ದರೆ ಕಡಿಮೆ ಒತ್ತಡ ಸಾಕು. ಎರಡು ಫ್ರೆಟ್ ನಡುವೆ ಇಟ್ಟರೆ ಜಾಸ್ತಿ ಒತ್ತಬೇಕು, ಇಲ್ಲವಾದರೆ ಜುಯ್ ಅನ್ನುತ್ತದೆ. ಅತಿಯಾಗಿ ಅದುಮಿದರೂ ಸ್ವರ ಏರುತ್ತದೆ. ನಡುನಡುವೆ ಹೆಬ್ಬೆರಳನ್ನು ಪೂರ್ತಿ ಎತ್ತಿ ನುಡಿಸುತ್ತಿದ್ದೆ. ಹಿಡಿತ ಎಷ್ಟು ಬಿಗಿಯಾಗಿತ್ತು ಅಂತ ಇದರಿಂದಲೇ ತಿಳಿಯಿತು.

ಮೀಟುವ ಜಾಗವೂ ಮುಖ್ಯ ಅಲ್ವಾ? ಬ್ರಿಜ್, ಅಂದರೆ ಗಿಟಾರ್ ಮೈಮೇಲೆ ತಂತಿ ಕೂರುವ ಪಟ್ಟಿಯ ಹತ್ತಿರ ನಾದ ಬಿಗಿ, ಚೂಪು. ನೆಕ್, ಅಂದರೆ ಗಿಟಾರ್ ಹಿಡಿಯ ಕಡೆ ಸರಿದರೆ ದುಂಡಗೆ. ಭಾವಗೀತೆಗೆ ನನಗೆ ನೆಕ್ ಕಡೆಯದೇ ಇಷ್ಟ.

ಟಕ್ ಅನ್ನುವ ಆ ಸದ್ದನ್ನು ನಾನು ಪೂರ್ತಿ ಬಿಟ್ಟಿಲ್ಲ. ಕುಣಿಸುವ ಹಾಡಿನಲ್ಲಿ ಪಲ್ಲವಿ ಮರಳಿ ಬರುವಾಗ ಒಂದೇ ಒಂದು ಸ್ವರವನ್ನು ಬೇಕಂತಲೇ ಜೋರಾಗಿ ಎಳೆಯುತ್ತೇನೆ. ಉಳಿದದ್ದೆಲ್ಲ ಹಗುರ ಇರುವುದರಿಂದ ಅದು ಎದ್ದು ಕೇಳುತ್ತದೆ. ಡ್ರಮ್ಸ್ ನುಡಿಸುವ ಗೆಳೆಯ ಆಗ ನನ್ನ ಕಡೆ ತಿರುಗಿ ನೋಡುತ್ತಾನೆ.