ತೆಗೆದುಹಾಕಿದ ಸದ್ದನ್ನೂ ಕೇಳಬೇಕು

ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿ ಸಂದರ್ಶನಕ್ಕೆ ಕೂರಿ ಅಂದರೆ ಯಾರೂ ಕೂರುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಾಗಾಗಿ ನಮ್ಮ ಕಡೆ ಸೌಂಡ್ ಕೆಲಸ ಅಂದರೆ ಅರ್ಧ ಪಾಲು ಕ್ಲೀನಿಂಗೇ. ಫ್ಯಾನ್, ಕೂಲರ್, ಜನರೇಟರ್, ವೈರಿನಿಂದ ಬರುವ ಕರೆಂಟಿನ ಗುಂಯ್ ಸದ್ದು, ಎಲ್ಲವನ್ನೂ ಮಾತಿನ ಹಿಂದಿನಿಂದ ತೆಗೆಯಬೇಕು. ಸಾಕ್ಷ್ಯಚಿತ್ರ, ಕಿರುಚಿತ್ರ, ನಾಟಕ, ಜಾಹೀರಾತುಗಳಿಗೆ ಸೌಂಡ್ ಮಾಡುವ ನನ್ನ ಸಣ್ಣ ಸ್ಟುಡಿಯೋದಲ್ಲೂ ಇದೇ ನಡೆಯುತ್ತಿತ್ತು. ಈಗ ಆ ಕೆಲಸದ ಬಹುಪಾಲನ್ನು ಎಐ ಟೂಲ್‌ಗಳು ಮಾಡುತ್ತಿವೆ.

ಹಳೆಯ ವಿಧಾನದಲ್ಲಿ ಯಾರೂ ಮಾತಾಡದ ಒಂದೆರಡು ಸೆಕೆಂಡ್ ಹುಡುಕಿ, ಇದು ನಾಯ್ಸ್ ಅಂತ ಸಾಫ್ಟ್‌ವೇರ್‌ಗೆ ತೋರಿಸುತ್ತಿದ್ದೆವು. ಅದು ಅಷ್ಟನ್ನು ಕಳೆಯುತ್ತಿತ್ತು. ಒಂದೇ ಸಮ ಬರುವ ಸದ್ದಿಗೆ ಇದು ಸಾಕು. ನಡುವೆ ಆಟೋ ಹಾರ್ನ್ ಹೊಡೆದರೆ ಕೈಯಲ್ಲೇ ತಿದ್ದಬೇಕಿತ್ತು. ಹೊಸ ಟೂಲ್‌ಗಳು ಕಲಿತ ರೀತಿ ಬೇರೆ. ಶುದ್ಧ ಮಾತಿಗೆ ಬೇಕಂತಲೇ ಗದ್ದಲ ಬೆರೆಸಿ, ಅಂಥ ಎಷ್ಟೋ ಮಾದರಿ ಕೊಟ್ಟು ಅವುಗಳಿಗೆ ಕಲಿಸಿರುತ್ತಾರೆ. ಮಾತು ಯಾವುದು ಅಂತ ಅವು ಊಹಿಸಿ ಉಳಿದದ್ದನ್ನು ಅದುಮುತ್ತವೆ. 2022ರಲ್ಲಿ ಬಂದ ಅಡೋಬಿ ಕಂಪನಿಯ ಎನ್‌ಹಾನ್ಸ್ ಸ್ಪೀಚ್‌ಗೆ ಫೈಲ್ ಹಾಕಿದರೆ ಸಾಕು, ಮಾತು ತಿಳಿಯಾಗಿ ಬರುತ್ತದೆ. ಫ್ಯಾನ್ ಸದ್ದಿನ ಸಂದರ್ಶನಗಳಿಗೆ ನಾನೂ ಇಂಥ ಟೂಲ್ ಬಳಸುತ್ತೇನೆ, ಖುಷಿಯಿಂದಲೇ.

ತೊಂದರೆ ಶುರುವಾಗುವುದು ಬಯಲಾಟದಂಥ ರೆಕಾರ್ಡಿಂಗ್‌ನಲ್ಲಿ. ಮಾತನ್ನಷ್ಟೇ ಕಲಿತ ಟೂಲ್‌ಗೆ ಮಾತಲ್ಲದ್ದೆಲ್ಲ ಕಸ. ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ಪಾತ್ರಧಾರಿ ಗೆಜ್ಜೆ ಕಟ್ಟಿ ರಂಗದ ಅಟ್ಟದ ಮೇಲೆ ಕಾಲು ಅಪ್ಪಳಿಸುತ್ತಾನೆ. ಆ ಸದ್ದಿಲ್ಲದೆ ವೀರರಸ ಎಲ್ಲಿಂದ ಬರಬೇಕು? ಗೆಜ್ಜೆಗೆ ಹಾಡಿನಂತೆ ಒಂದು ಖಚಿತ ಶ್ರುತಿ ಇಲ್ಲ, ಚದುರಿದ ಚೂಪು ಸದ್ದು ಅದು. ಟೂಲ್ ಅದನ್ನು ಗದ್ದಲದ ಲೆಕ್ಕಕ್ಕೇ ಹಾಕುತ್ತದೆ. ಹಾರ್ಮೋನಿಯಂ ಎಳೆದು ಹಿಡಿದ ಸ್ವರವೂ ಎಷ್ಟೋ ಸಲ ಫ್ಯಾನ್ ಸದ್ದಿನ ಜೊತೆ ಕರಗಿಹೋಗುತ್ತದೆ.

ಕಂಪ್ಲಿ ಕಡೆಯ ಒಂದು ಮೇಳದವರು ರಾತ್ರಿಯಿಡೀ ನಡೆದ ಆಟದ ರೆಕಾರ್ಡಿಂಗ್ ತಂದಿದ್ದರು. ಹಿಂದೆ ಡೀಸೆಲ್ ಜನರೇಟರ್ ಸದ್ದು ಜೋರಾಗಿತ್ತು. ಒಂದೇ ಬಟನ್‌ನಲ್ಲಿ ಕ್ಲೀನ್ ಮಾಡಿದ್ದನ್ನೂ ಮೂಲವನ್ನೂ ಅವರಿಗೆ ಕೇಳಿಸಿದೆ. ಕ್ಲೀನ್ ಆದದ್ದು ಶುರುವಾಗುತ್ತಲೇ ಮದ್ದಲೆ ಬಾರಿಸುವ ಹಿರಿಯರು ಕೇಳಿದರು, "ಗೆಜ್ಜಿ ಎಲ್ಲಿ ಹೋತೋ ತಮ್ಮಾ?" ಅವರಿಗೆ ಬೇಕಿದ್ದುದು ಆ ರಾತ್ರಿಯ ಆಟ. ಬರೀ ಮಾತು ಯಾರಿಗೆ ಬೇಕಿತ್ತು?

ಆಮೇಲೆ ಮಾಡಿದ್ದು ಹೀಗೆ. ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆಯೇ ಹರ್ಟ್ಸ್, ಅದು ಹೆಚ್ಚಿದಷ್ಟೂ ಸದ್ದು ಚೂಪು. ನಮ್ಮ ಕರೆಂಟು 50 ಹರ್ಟ್ಸ್‌ನದು. ಅದಕ್ಕಾಗಿ ಇಂಥ ಜನರೇಟರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 25. ಎಂಜಿನ್ನಿನ ಗುಡುಗಿನ ಬಲದ ಬಹುಪಾಲು ಕೆಳಗಿನ ಕೆಲವು ನೂರು ಹರ್ಟ್ಸ್ ಒಳಗೇ ಇರುತ್ತದೆ. ಗೆಜ್ಜೆ ಇರುವುದು ತುಂಬ ಮೇಲೆ, ಸುಮಾರು 4000 ಹರ್ಟ್ಸ್ ದಾಟಿದ ಜಾಗದಲ್ಲಿ. ಎರಡೂ ಎದುರುಬದುರು ಬರುವುದು ಕಡಿಮೆ. ಮೂಲದ ಟ್ರ್ಯಾಕಿನಿಂದ ಮೇಲಿನ ಭಾಗವನ್ನಷ್ಟೇ ಉಳಿಸಿಕೊಂಡೆ. ಅದರ ಕೆಳಗೆ ಟೂಲ್ ತೊಳೆದ ಮಾತನ್ನು ಇಟ್ಟೆ. ಮದ್ದಲೆ ಇರುವ ಕಡೆ ಟೂಲ್ ಆಫ್ ಮಾಡಿ, ಎಂಜಿನ್ ಸದ್ದಿರುವ ಕೆಳಗಿನ ಕಂಪನಗಳನ್ನಷ್ಟೇ ಕೈಯಲ್ಲಿ ತಗ್ಗಿಸಿದೆ. ಜನರೇಟರ್ ದೂರದಲ್ಲಿ ಇನ್ನೂ ಕೇಳುತ್ತದೆ. ಇರಲಿ, ಊರಿನ ಆಟ ಅಂದಮೇಲೆ ಅದೂ ಇತ್ತಲ್ವಾ.

ಬರೆದುಕೊಟ್ಟರೆ ಸದ್ದು ಹುಟ್ಟಿಸುವ ಟೂಲ್‌ಗಳೂ ಬಂದಿವೆ. ಮಳೆ, ಗಾಳಿ, ಬಾಗಿಲು ಇಂಥವಕ್ಕೆ ಚೆನ್ನಾಗಿವೆ. ನದಿ ಅಂತ ಕೇಳಿದೆ, ನುಣುಪಾಗಿ ಹರಿಯುವ ಒಂದು ನದಿ ಬಂತು. ಆನೆಗುಂದಿಯ ಹತ್ತಿರ ತುಂಗಭದ್ರೆ ಹೀಗೆ ಹರಿಯುವುದಿಲ್ಲ. ದೊಡ್ಡ ಬಂಡೆಗಳ ಸಂದಿಯಲ್ಲಿ ನುಗ್ಗಿ ಬರುತ್ತಾಳೆ. ಡ್ಯಾಮಿನಿಂದ ನೀರು ಬಿಟ್ಟಾಗ ಒಂದು ಸದ್ದು, ಬೇಸಿಗೆಯಲ್ಲಿ ಇನ್ನೊಂದು. ಯಂತ್ರಕ್ಕೆ ಕೇಳಿಸದೇ ಇದ್ದ ಸದ್ದನ್ನು ಅದು ಹೇಗೆ ಕೊಟ್ಟೀತು? ಕ್ಲೀನಿಂಗ್‌ನಲ್ಲಿ ಉಳಿದ ಹೊತ್ತನ್ನು ಈಗ ಹೊರಗೆ ಕಳೆಯುತ್ತೇನೆ. ಗಂಗಾವತಿಯ ಅಕ್ಕಿ ಗಿರಣಿ, ಭತ್ತದ ಕೊಯ್ಲು, ಸಂಡೂರಿನ ಅದಿರು ಲಾರಿಗಳು, ಜಾತ್ರೆಯ ಬೀದಿ, ಎಲ್ಲವನ್ನೂ ಒಳ್ಳೆಯ ಗುಣಮಟ್ಟದಲ್ಲಿ ಹಿಡಿದು, ಊರು, ತಿಂಗಳು, ಹೊತ್ತು ಬರೆದು ಇಡುತ್ತಿದ್ದೇನೆ. ಇದು ನಮ್ಮ ಕಡೆ ಯಾರಾದರೂ ಮಾಡಲೇಬೇಕಾದ ಕೆಲಸ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕ್ಲೀನಿಂಗ್‌ಗೆ ಸಿಗುತ್ತಿದ್ದ ಹಣ ಕಡಿಮೆಯಾಗಿದೆ, ನಿಜ. ಮೊಬೈಲಿನಲ್ಲೇ ಕ್ಲೀನ್ ಮಾಡಿ ತರುವವರು ಜಾಸ್ತಿ ಆಗಿದ್ದಾರೆ. ಅತಿಯಾಗಿ ಕ್ಲೀನ್ ಆಗಿ ತಗಡು ಬಡಿದಂತಾದ ದನಿಯನ್ನು ಮತ್ತೆ ಮನುಷ್ಯರ ದನಿ ಮಾಡುವುದು ತುಂಬ ಕಷ್ಟ. ಆದ್ದರಿಂದ ಕೆಲಸ ಒಪ್ಪುವಾಗಲೇ ಹೇಳುತ್ತೇನೆ: ಮೂಲ ಫೈಲ್ ಅಳಿಸಬೇಡಿ, ಯಾರೂ ಮಾತಾಡದಿರುವಾಗ ಶೂಟಿಂಗ್ ಜಾಗದಲ್ಲಿ ಕೇಳುವ ಸದ್ದನ್ನು ಒಂದು ನಿಮಿಷ ಹಿಡಿದು ತನ್ನಿ.

ನನಗೆ ಹೆಚ್ಚು ಚಿಂತೆ ಇರುವುದು ಕಲಿಯಲು ಬರುವ ಹುಡುಗರ ಬಗ್ಗೆ. ನಮ್ಮ ಕಿವಿ ಪಳಗಿದ್ದೇ ಆ ಬೇಸರದ ಕ್ಲೀನಿಂಗ್‌ನಲ್ಲಿ. ಯಾವ ಸದ್ದು ಯಾವ ಎತ್ತರದಲ್ಲಿದೆ ಅಂತ ಗೊತ್ತಾಗುತ್ತಿದ್ದದ್ದು ಅಲ್ಲೇ. ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಎಷ್ಟೋ ಟೂಲ್‌ಗಳಲ್ಲಿ ತೆಗೆದುಹಾಕಿದ ಭಾಗವನ್ನಷ್ಟೇ ಕೇಳುವ ಸೌಲಭ್ಯ ಇದೆ. ನನ್ನ ಜೊತೆ ಇರುವ ಹುಡುಗ ಮೊದಲು ಅದನ್ನು ಹೆಡ್‌ಫೋನ್ ಹಾಕಿ ಪೂರ್ತಿ ಕೇಳುತ್ತಾನೆ. ಏನೇನು ಕೇಳಿಸಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಫ್ಯಾನ್, ಜನರೇಟರ್, ಮೈಕ್ ವೈರ್ ಅಂತ ಬರೆದಿದ್ದರೆ ಮುಂದೆ ಹೋಗುತ್ತೇವೆ. ತಾಳ, ಕೆಮ್ಮು, ಯಾರೋ ನಕ್ಕಿದ್ದು ಅಂತ ಇದ್ದರೆ ಇಬ್ಬರೂ ಕೂತು, ಅದು ಹೋಗಬೇಕೋ ಇರಬೇಕೋ ನೋಡುತ್ತೇವೆ.