ಮಿಷನ್ ಪಾಸ್ ಅಂದಿತು, ಕಣ್ಣು ಒಪ್ಪಲಿಲ್ಲ: ಡೆಲ್ಟಾ ಇ ಓದುವುದು ಹೇಗೆ?

ಗಾರ್ಮೆಂಟ್ಸ್ ಒಂದರ ಕಲರ್ ಲ್ಯಾಬ್‌ಗೆ ಸೇರಿದ ಹೊಸದರಲ್ಲಿ ನನಗೆ ಒಂದು ಹುಚ್ಚು ಧೈರ್ಯ ಇತ್ತು. ಬಣ್ಣ ಅಳೆಯುವ ಮಿಷನ್ ಸ್ಪೆಕ್ಟ್ರೋಫೋಟೋಮೀಟರ್ ಇದೆ, ಬೇಕಾದ ಬಣ್ಣಕ್ಕೂ (ಅದೇ ಸ್ಟ್ಯಾಂಡರ್ಡ್) ಬಂದ ಬಟ್ಟೆಗೂ ಎಷ್ಟು ವ್ಯತ್ಯಾಸ ಅಂತ ಅದು ಡೆಲ್ಟಾ ಇ ಅನ್ನುವ ಒಂದು ನಂಬರ್ ಕೊಡುತ್ತದೆ, 1ರ ಒಳಗೆ ಬಂದರೆ ಪಾಸ್, ಮೀರಿದರೆ ಫೇಲ್, ಇದರಲ್ಲಿ ವಾದ ಮಾಡೋಕೆ ಏನಿದೆ ಅಂತ. ತಿಂಗಳೊಳಗೆ ಅದು ಇಳಿಯಿತು. 0.9 ಬಂದಿದ್ದ ಬೂದು ಬಣ್ಣದ ಲಾಟನ್ನು (ಒಂದೇ ಸಲ ಬಣ್ಣ ಹಾಕಿದ ಬಟ್ಟೆಯನ್ನು) ಟೇಬಲ್ ಮೇಲೆ ಹಾಸಿದ ತಕ್ಷಣ, ಅಲ್ಲೇ ದಾರ ಕತ್ತರಿಸುತ್ತಿದ್ದ ಅಮ್ಮ ಒಬ್ಬರು "ಇದು ಸ್ವಲ್ಪ ಕೆಂಪು ಹೊಡೀತಿದೆ ಅಲ್ವಾ" ಅಂದರು. ಅದೇ ವಾರ 2.5 ಬಂದು ಫೇಲ್ ಆಗಿದ್ದ ಅರಿಶಿನ ಹಳದಿಯನ್ನು ಐದು ಜನರಿಗೆ ತೋರಿಸಿದೆ. ಒಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ.

ಮಿಷನ್ ಕೆಟ್ಟಿರಲಿಲ್ಲ. ನಂಬರನ್ನು ಓದುವುದು ನನಗೆ ಬರುತ್ತಿರಲಿಲ್ಲ.

ಡೆಲ್ಟಾ ಇ ಅನ್ನುವುದು ಬರೀ ದೂರ. 1976ರಲ್ಲಿ ಸಿಐಇ ಅನ್ನುವ ಬೆಳಕು-ಬಣ್ಣದ ಅಂತರರಾಷ್ಟ್ರೀಯ ಸಂಸ್ಥೆ ಒಂದು ಬಣ್ಣದ ಜಾಗವನ್ನು ಕಟ್ಟಿತು. ಎಲ್ ಅಂದರೆ ಎಷ್ಟು ತಿಳಿ, ಎಷ್ಟು ಗಾಢ, 0ಯಿಂದ 100. ಎ ಅಂದರೆ ಹಸಿರಿನಿಂದ ಕೆಂಪಿಗೆ, ಬಿ ಅಂದರೆ ನೀಲಿಯಿಂದ ಹಳದಿಗೆ. ಪ್ರತಿ ಬಣ್ಣವೂ ಅಲ್ಲಿ ಒಂದು ಚುಕ್ಕಿ. ಸ್ಟ್ಯಾಂಡರ್ಡ್ ಚುಕ್ಕಿಯಿಂದ ನಿಮ್ಮ ಸ್ಯಾಂಪಲ್ ಚುಕ್ಕಿಗೆ ಸ್ಕೇಲ್ ಹಿಡಿದು ಅಳೆದರೆ ಬರುವುದೇ ಹಳೆಯ ಡೆಲ್ಟಾ ಇ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕ, ಅಷ್ಟೇ.

ಆದರೆ ಕಣ್ಣು ಸ್ಕೇಲ್ ಹಿಡಿಯುವುದಿಲ್ಲ. 1942ರಲ್ಲೇ ಮ್ಯಾಕ್ಆಡಮ್ ಅನ್ನುವ ಬಣ್ಣದ ವಿಜ್ಞಾನಿ ಇದನ್ನು ತೋರಿಸಿದ್ದರು. ಬಣ್ಣದ ನಕ್ಷೆಯಲ್ಲಿ 25 ಕಡೆ, ಕಣ್ಣಿಗೆ ಒಂದೇ ಅನ್ನಿಸುವ ಬಣ್ಣಗಳು ಎಷ್ಟು ದೂರದವರೆಗೆ ಹರಡಿವೆ ಅಂತ ಅಳೆದಾಗ ಸಿಕ್ಕಿದ್ದು ದುಂಡಗಿನ ವೃತ್ತಗಳಲ್ಲ, ಮೊಟ್ಟೆಯಾಕಾರದವು, ಒಂದು ಕಡೆ ಪುಟ್ಟದು, ಇನ್ನೊಂದು ಕಡೆ ಹಲವು ಪಟ್ಟು ದೊಡ್ಡದು. 1976ರ ಜಾಗ ಆ ನಕ್ಷೆಗಿಂತ ಎಷ್ಟೋ ವಾಸಿ. ಆದರೂ ಕಸುವು ಹೆಚ್ಚಿರುವ, ಕಣ್ಣು ಕುಕ್ಕುವ ಬಣ್ಣಗಳಲ್ಲಿ ಅದು ವ್ಯತ್ಯಾಸವನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಹಾಗಾಗಿ ಯಾರಾದರೂ "ಡೆಲ್ಟಾ ಇ ಇಷ್ಟು" ಅಂದರೆ ಮೊದಲು ಕೇಳಿ: ಯಾವ ಫಾರ್ಮುಲಾ? ಇದನ್ನು ಕೇಳದೆ ಮುಂದಕ್ಕೆ ಹೋಗಬೇಡಿ. ಒಂದು ಲೆಕ್ಕ ನೋಡಿ. ಬೂದು ಬಣ್ಣ, ಎಲ್ 60, ಎ 0, ಬಿ 0. ಸ್ಯಾಂಪಲ್‌ನಲ್ಲಿ ಬಿ ಮಾತ್ರ 4 ಆಯಿತು. ಹಳೆಯ ಫಾರ್ಮುಲಾದಲ್ಲಿ 4. ಈಗ ಹಳದಿ, ಎಲ್ 80, ಎ 5, ಬಿ 80. ಸ್ಯಾಂಪಲ್‌ನಲ್ಲಿ ಬಿ 84. ಇಲ್ಲೂ 4. ಇವೆರಡನ್ನೇ 2001ರ ಹೊಸ ಫಾರ್ಮುಲಾ ಸಿಐಇಡಿಇ2000ಕ್ಕೆ ಹಾಕಿದರೆ ಬೂದಿಗೆ ಸುಮಾರು 3.7 ಬರುತ್ತದೆ, ಹಳದಿಗೆ ಸುಮಾರು 0.9! ನನ್ನ ಅರಿಶಿನ ಹಳದಿಯ ಕಥೆ ಇದೇ. ಇನ್ನು ಆ ಬೂದು ಲಾಟ್: ಹೊಸ ಫಾರ್ಮುಲಾ ಬೂದಿನ ಹತ್ತಿರ ಕೆಂಪು-ಹಸಿರು ಅಕ್ಷವನ್ನು ಬೇಕೆಂದೇ ಹಿಗ್ಗಿಸುತ್ತದೆ, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅಂದರೆ ಹಳೆಯ ಫಾರ್ಮುಲಾದಲ್ಲಿ ಬಂದಿದ್ದ ನನ್ನ 0.9 ನಿಜವಾಗಿ 1.3ರ ಆಸುಪಾಸಿನದು. ಆ ಅಮ್ಮನ ಕಣ್ಣು ಫಾರ್ಮುಲಾ ಇಲ್ಲದೆಯೇ ಅದನ್ನು ಹೇಳಿತ್ತು.

ಬಟ್ಟೆ ಕೆಲಸದಲ್ಲಿ ಇನ್ನೊಂದು ಫಾರ್ಮುಲಾದ ಹೆಸರು ಕಿವಿಗೆ ಬೀಳುತ್ತಲೇ ಇರುತ್ತದೆ, ಸಿಎಂಸಿ. 1984ರಿಂದ ಚಾಲ್ತಿಯಲ್ಲಿದೆ, ಬಣ್ಣಗಾರರ ಸಂಘವೇ ಮಾಡಿದ್ದು. ಅದರಲ್ಲಿ 2:1 ಅಂತ ಇದ್ದರೆ ತಿಳಿ-ಗಾಢದ ವ್ಯತ್ಯಾಸಕ್ಕೆ ಎರಡು ಪಟ್ಟು ರಿಯಾಯಿತಿ ಅಂತ ಅರ್ಥ. ಯಾಕೆ? ಬಟ್ಟೆ ಒಂಚೂರು ಗಾಢವಾದರೆ ಜನ ಸಹಿಸುತ್ತಾರೆ. ನೀಲಿ ನೇರಳೆಗೆ ತಿರುಗಿದರೆ ಸಹಿಸುವುದಿಲ್ಲ.

ಇದರಿಂದ ಎರಡನೇ ಅಭ್ಯಾಸ: ಒಟ್ಟು ನಂಬರನ್ನು ಬಿಚ್ಚಿ ನೋಡಿ. ಸಾಫ್ಟ್‌ವೇರ್‌ನಲ್ಲಿ ಡೆಲ್ಟಾ ಎಲ್, ಡೆಲ್ಟಾ ಸಿ, ಡೆಲ್ಟಾ ಎಚ್ ಅಂತ ಮೂರು ಕಾಲಮ್ ಇರುತ್ತವೆ. ತಿಳಿ-ಗಾಢ ಎಷ್ಟು, ಬಣ್ಣದ ಕಸುವು ಎಷ್ಟು, ಬಣ್ಣವೇ ಎಷ್ಟು ತಿರುಗಿದೆ ಅಂತ. ವ್ಯತ್ಯಾಸ ಪೂರ್ತಿ ಎಲ್‌ನಲ್ಲೇ ಇದ್ದರೆ ನಾನು ಸ್ವಲ್ಪ ಸಡಿಲ ಬಿಡುತ್ತೇನೆ. ಎಚ್‌ನಲ್ಲಿದ್ದರೆ ಡೈಯಿಂಗ್‌ನವರಿಗೆ ಆಗಲೇ ಫೋನ್ ಹೋಗುತ್ತದೆ.

ಎಷ್ಟಾದರೆ ಕಾಣುತ್ತದೆ? ಸಿಐಇಡಿಇ2000ದಲ್ಲಿ ಸುಮಾರು 1, ಹಳೆಯದರಲ್ಲಿ ಸುಮಾರು 2.3 ಅಂತ ಹೇಳುವ ರೂಢಿ ಇದೆ. ಇವು ಸರಾಸರಿ, ಗೆರೆ ಎಳೆದಂತಲ್ಲ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಬಣ್ಣ ಮಾಸುವುದನ್ನು ನೋಡುವ ಗ್ರೇ ಸ್ಕೇಲ್ ಕಾರ್ಡ್. ಅದರಲ್ಲಿ 4-5 ಅಂದರೆ ಹಳೆಯ ಲೆಕ್ಕದಲ್ಲಿ 0.8, 4 ಅಂದರೆ 1.7, 3 ಅಂದರೆ 3.4. ಕಾರ್ಡನ್ನು ಕೈಯಲ್ಲಿ ಹಿಡಿದು ಆ ಜೋಡಿಗಳನ್ನು ದಿಟ್ಟಿಸಿ ನೋಡಿ. 1.7 ಅಂದರೆ ಎಷ್ಟು ಅಂತ ಕಣ್ಣಿಗೇ ಗೊತ್ತಾಗುತ್ತದೆ, ಬೂದಿನ ಮಟ್ಟಿಗಾದರೂ.

ಆಮೇಲೆ ಬೆಳಕು. ಅಂಗಡಿಯಲ್ಲಿ ಸೀರೆಗೆ ಬ್ಲೌಸ್ ಪೀಸ್ ಇಟ್ಟು ನೋಡಿ, ಸಮಾಧಾನ ಆಗದೆ ಬಾಗಿಲಾಚೆ ಬಿಸಿಲಿಗೆ ತಂದು ನೋಡುತ್ತಾರಲ್ಲ, ಅವರಿಗೆ ಮೆಟಮೆರಿಸಂ ಅನ್ನುವ ಪದ ಬೇಕಿಲ್ಲ. ಬೇರೆ ಬೇರೆ ಡೈ ಹಾಕಿದ ಎರಡು ಬಟ್ಟೆ ಒಂದು ಬೆಳಕಲ್ಲಿ ಒಂದೇ ಥರ ಕಂಡು, ಇನ್ನೊಂದರಲ್ಲಿ ಬೇರೆಯಾಗಬಹುದು. ಅದಕ್ಕೇ ಒಂದೇ ಅಳತೆಯಿಂದ ಮೂರು ಬೆಳಕಿಗೂ ಡೆಲ್ಟಾ ಇ ತೆಗೆಯಿರಿ: ಹಗಲಿಗೆ ಡಿ65, ಅಂಗಡಿಯ ಟ್ಯೂಬ್‌ಲೈಟಿಗೆ ಟಿಎಲ್84, ಹಳದಿ ಬಲ್ಬಿಗೆ ಎ. ಡಿ65ರಲ್ಲಿ 0.4, ಎಯಲ್ಲಿ 2 ಬಂದರೆ ಆ ರೆಸಿಪಿಯೇ ಸರಿ ಇಲ್ಲ. ಡೈ ಬದಲಿಸದೆ ಅದು ಸರಿಹೋಗಲ್ಲ.

ಅಳೆಯುವಾಗಲೂ ಹುಷಾರು. ಬೆಳಕು ಆಚೆ ಹಾಯದಷ್ಟು ಬಟ್ಟೆ ಮಡಿಸಿ, ಜಾಗ ಬದಲಿಸಿ, ತಿರುಗಿಸಿ, ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ. ಒಂದೇ ತುಂಡನ್ನು ಎತ್ತಿ ಇಟ್ಟು ಅಳೆದಾಗ ಅದಕ್ಕದೇ 0.3 ವ್ಯತ್ಯಾಸ ತೋರಿಸುತ್ತಿದ್ದರೆ, ಎರಡು ಲಾಟ್ ನಡುವಿನ 0.3ಕ್ಕೆ ಅರ್ಥವೇ ಇಲ್ಲ. ಡ್ರೈಯರ್‌ನಿಂದ ಆಗಷ್ಟೇ ಬಂದ ಬಿಸಿ ಬಟ್ಟೆಯನ್ನು ಅಳೆದು ಪೇಚಿಗೆ ಸಿಕ್ಕಿದ್ದೇನೆ. ಆರುವ ತನಕ ಕಾಯಿರಿ. ಸ್ಯಾಟಿನ್ ಥರ ಹೊಳೆಯುವ ಬಟ್ಟೆಯಲ್ಲಿ ಮಿಷನ್ ಆ ಹೊಳಪನ್ನು ಸೇರಿಸಿ ಅಳೆಯುತ್ತಿದೆಯೋ ಬಿಟ್ಟು ಅಳೆಯುತ್ತಿದೆಯೋ ಅಂತಲೂ ನೋಡಿಕೊಳ್ಳಿ.

ಕಣ್ಣಿನಿಂದ ನೋಡುವುದಕ್ಕೂ ಕ್ರಮ ಇದೆ. ಎರಡು ತುಂಡುಗಳ ಅಂಚು ಒಂದಕ್ಕೊಂದು ತಾಗಿರಬೇಕು. ನಡುವೆ ಬೆರಳಗಲ ಬಿಟ್ಟರೂ ಸಣ್ಣ ವ್ಯತ್ಯಾಸ ಮಾಯ ಆಗುತ್ತದೆ. ನೇಯ್ಗೆ ಒಂದೇ ದಿಕ್ಕಿಗಿರಲಿ. ಹಿನ್ನೆಲೆ ಬೂದು ಇರಲಿ, ಕೆಂಪು ಟೇಬಲ್‌ಕ್ಲಾತ್ ಬೇಡವೇ ಬೇಡ. ಇಬ್ಬರು ನೋಡಿದರೆ ಒಳ್ಳೆಯದು, ಇಬ್ಬರೂ ಬಣ್ಣದ ದೃಷ್ಟಿ ಪರೀಕ್ಷೆ ಮಾಡಿಸಿಕೊಂಡವರಾಗಿದ್ದರೆ ಇನ್ನೂ ಒಳ್ಳೆಯದು. ಕೆಂಪು-ಹಸಿರು ಗೊಂದಲ ಹೆಂಗಸರಿಗಿಂತ ಗಂಡಸರಲ್ಲಿ ತುಂಬಾ ಜಾಸ್ತಿ, ಎಷ್ಟೋ ಜನರಿಗೆ ತಮಗದು ಇದೆ ಅಂತಲೇ ಗೊತ್ತಿರುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಗಳ ತೀರ್ಪೂ ಬದಲಾಗುತ್ತದೆ.

ಕೊನೆಗೆ ಎಲ್ಲರೂ ಒಂದಲ್ಲ ಒಂದು ಸಲ ಬೀಳುವ ಗುಂಡಿ. ಎರಡು ಲಾಟ್‌ಗಳೂ ಸ್ಟ್ಯಾಂಡರ್ಡ್‌ನಿಂದ 0.9 ದೂರದಲ್ಲಿವೆ, ಎರಡೂ ಪಾಸ್. ಆದರೆ ಒಂದು ಕೆಂಪು ಕಡೆ, ಇನ್ನೊಂದು ಹಸಿರು ಕಡೆ ಹೋಗಿದ್ದರೆ ಅವೆರಡರ ನಡುವಿನ ದೂರ 1.8ರ ಹತ್ತಿರ. ಮೈಗೆ ಒಂದು ಲಾಟ್, ತೋಳಿಗೆ ಇನ್ನೊಂದು ಲಾಟ್ ಹಾಕಿ ಹೊಲಿದರೆ ಹೊಲಿಗೆಯ ಗೆರೆಯಲ್ಲೇ ಅಂಚು ತಾಗುತ್ತದೆ, ಕಣ್ಣಿಗೆ ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ! ಇದಕ್ಕಾಗಿಯೇ 555 ಶೇಡ್ ಸಾರ್ಟಿಂಗ್ ಇರುವುದು. ಪಾಸ್ ಆದ ಜಾಗವನ್ನು ಪುಟ್ಟ ಪುಟ್ಟ ಡಬ್ಬಿಗಳಾಗಿ ಒಡೆದು, ಪ್ರತಿ ಲಾಟಿಗೂ ಮೂರಂಕಿಯ ನಂಬರ್ ಕೊಡುತ್ತಾರೆ. ನಟ್ಟನಡುವಿನ ಡಬ್ಬಿ 555. ಒಂದೇ ನಂಬರಿನವನ್ನು ಒಟ್ಟಿಗೆ ಕತ್ತರಿಸಿದರೆ ತಲೆನೋವಿಲ್ಲ.

ಈಗ ನನ್ನ ರಿಪೋರ್ಟಿನಲ್ಲಿ ಬರೀ "0.8 ಪಾಸ್" ಅಂತ ಇರುವುದಿಲ್ಲ. "ಸಿಐಇಡಿಇ2000, ಡಿ65, 10 ಡಿಗ್ರಿ (ಲೆಕ್ಕಕ್ಕೆ ಹಿಡಿದ ನೋಟದ ಅಗಲ), 0.8, ಕೆಂಪು ಕಡೆಗೆ, ಟಿಎಲ್84ರಲ್ಲಿ 1.1, ಅಂಚು ತಾಗಿಸಿ ಇಬ್ಬರು ನೋಡಿದ್ದೇವೆ, 7ನೇ ಲಾಟಿನ ಜೊತೆ ಹೊಲಿಯಬೇಡಿ" ಅಂತ ಇರುತ್ತದೆ.