ಪೊಟ್ಟಣದ ಹಿಂಬದಿ: ಅಲರ್ಜಿ ಇರುವ ಮಗುವಿಗೆ ತಿಂಡಿ ಆರಿಸುವುದು ಹೇಗೆ

ಬಿಸ್ಕತ್ ಪೊಟ್ಟಣದ ಹಿಂದೆ, ಸಾಮಗ್ರಿ ಪಟ್ಟಿಯ ಹತ್ತಿರ, ‘ಕಂಟೇನ್ಸ್ ವೀಟ್, ಮಿಲ್ಕ್, ಸೋಯಾ’ ಎಂಬಂಥ ಒಂದು ಸಾಲು ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಒಂದು ಸಾಲು ನೋಡಿಯೇ ತೀರ್ಮಾನ ಮಾಡಿಬಿಡುತ್ತಾರೆ. ಮಗುವಿಗೆ ಆಗದ ಪದಾರ್ಥದ ಹೆಸರು ಅಲ್ಲಿ ಇದ್ದರೆ ಮುಂದೆ ಓದುವುದೇ ಬೇಡ, ಪೊಟ್ಟಣ ವಾಪಸ್ ಇಡಿ. ಹೆಸರು ಇಲ್ಲದಿದ್ದರೆ ಓದುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ಸಾಲಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ತಿಂಡಿಯಲ್ಲಿ ಇಲ್ಲ ಎಂದಾಗುವುದಿಲ್ಲ.

ಕಾನೂನು ಕೇಳುವುದು ಎಂಟನ್ನು ಮಾತ್ರ

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಂತೆ ತಯಾರಕರು ಎಂಟು ಗುಂಪುಗಳ ಅಲರ್ಜಿ ಪದಾರ್ಥಗಳನ್ನು ಬೇರೆಯಾಗಿ ಹೇಳಬೇಕು: ಗ್ಲುಟೆನ್ ಇರುವ ಗೋಧಿ, ಬಾರ್ಲಿ, ಓಟ್ಸ್, ರೈಯಂಥ ಧಾನ್ಯಗಳು, ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ, ಬಾದಾಮಿಯಂಥ ಬೀಜಗಳು, ಸೋಯಾ, ಕೆಜಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ (ಆಹಾರ ಕೆಡದಂತೆ ಬೆರೆಸುವ ರಾಸಾಯನಿಕ). ಇವುಗಳಿಂದ ತೆಗೆದ ಎಣ್ಣೆಗೆ ಈ ಸಾಲಿನಿಂದ ವಿನಾಯಿತಿ ಇದೆ.

ಎಳ್ಳು ಈ ಪಟ್ಟಿಯಲ್ಲಿಲ್ಲ. ಸಾಸಿವೆ ಇಲ್ಲ. ಕಡಲೆಹಿಟ್ಟೂ ಇಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಎಳ್ಳುಬೆಲ್ಲ ತಿಂದು ಬೆಳೆಯುವ ನಮ್ಮ ಮಕ್ಕಳಿಗೆ ಇದು ದೊಡ್ಡ ಕೊರತೆ. ಎಳ್ಳಿನ ಅಲರ್ಜಿ ಇರುವ ಮಗುವಿಗೆ ‘ಕಂಟೇನ್ಸ್’ ಸಾಲು ಯಾವ ಸಹಾಯವನ್ನೂ ಮಾಡುವುದಿಲ್ಲ. ಸಾಮಗ್ರಿ ಪಟ್ಟಿಯಲ್ಲಿ ‘ಸೆಸಮೆ’, ‘ಟಿಲ್’, ‘ಜಿಂಜೆಲಿ’, ‘ತಾಹಿನಿ’ ಎಂಬ ಪದಗಳನ್ನು ನೀವೇ ಹುಡುಕಬೇಕು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಹೇಳಲೇಬೇಕು. ಬ್ರಿಟನ್ ಮತ್ತು ಯುರೋಪಿನ ಪಟ್ಟಿಯಲ್ಲಿ ಹದಿನಾಲ್ಕು ಅಲರ್ಜಿ ಪದಾರ್ಥಗಳಿವೆ, ಎಳ್ಳು, ಸಾಸಿವೆ ಎರಡೂ ಅದರೊಳಗಿವೆ. ಅಲ್ಲಿರುವ ನೆಂಟರು ‘ನಮ್ಮಲ್ಲಿ ಇದು ಸೇಫ್’ ಎಂದು ಹೇಳಿದ ತಿಂಡಿಯ ಇಲ್ಲಿನ ಪೊಟ್ಟಣವನ್ನು ಹೊಸದಾಗಿಯೇ ಓದಿ. ಅಲ್ಲಿಂದ ತಂದುಕೊಟ್ಟಿದ್ದನ್ನೂ ಹಾಗೆಯೇ ಓದಿ.

ಒಂದೇ ಪದಾರ್ಥ, ಹತ್ತು ಹೆಸರು

ಹೆಚ್ಚು ವೇಷ ಹಾಕುವುದು ಹಾಲು. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನ್, ಸೋಡಿಯಂ ಕೇಸಿನೇಟ್, ಬಟರ್, ಘೀ, ಚೀಸ್ ಪೌಡರ್, ಕರ್ಡ್ ಪೌಡರ್, ಬಟರ್‌ಮಿಲ್ಕ್ ಪೌಡರ್, ಖೋವಾ ಎಲ್ಲವೂ ಹಾಲೇ. ಮಸಾಲೆ ಚಿಪ್ಸ್ ಎಂದರೆ ಆಲೂಗಡ್ಡೆ, ಎಣ್ಣೆ, ಖಾರ ಅಷ್ಟೇ ಎಂದುಕೊಳ್ಳಬೇಡಿ. ಮೇಲೆ ಉದುರಿಸುವ ಪುಡಿಯಲ್ಲಿ ವೇ ಪೌಡರ್, ಚೀಸ್ ಪೌಡರ್ ಇರುವುದು ಸಾಮಾನ್ಯ. ‘ನಾನ್ ಡೈರಿ ಕ್ರೀಮರ್’ ಎಂಬ ಹೆಸರು ನಂಬಬೇಡಿ, ಅದರಲ್ಲಿ ಹೆಚ್ಚಾಗಿ ಕೇಸಿನೇಟ್ ಇರುತ್ತದೆ. ‘ಲ್ಯಾಕ್ಟೋಸ್ ಫ್ರೀ’ ಎಂದರೆ ಹಾಲಿನ ಸಕ್ಕರೆಯನ್ನು ಮಾತ್ರ ಇಲ್ಲವಾಗಿಸಿದ್ದಾರೆ, ಅಲರ್ಜಿ ಮಾಡುವ ಪ್ರೋಟೀನ್ ಹಾಗೇ ಇದೆ. ಹಸುವಿನ ಹಾಲು ಆಗದ ಹೆಚ್ಚಿನ ಮಕ್ಕಳಿಗೆ ಮೇಕೆ, ಎಮ್ಮೆ ಹಾಲೂ ಆಗುವುದಿಲ್ಲ. ಹಾಲಿನ ಮಟ್ಟಿಗೆ ಹೆದರಬೇಕಿಲ್ಲದ ಹೆಸರುಗಳೂ ಇವೆ: ಕೋಕೋ ಬಟರ್ ಗಿಡದ ಕೊಬ್ಬು, ಪೀನಟ್ ಬಟರ್‌ನಲ್ಲಿ ‘ಬಟರ್’ ಎಂಬುದು ಹೆಸರಿಗೆ ಮಾತ್ರ.

ಮೊಟ್ಟೆಗೆ ಆಲ್ಬುಮೆನ್, ಎಗ್ ಪೌಡರ್, ಮೇಯನೀಸ್, 1105 ಸಂಖ್ಯೆಯ ಲೈಸೋಜೈಮ್ ನೋಡಿ (ಆಹಾರಕ್ಕೆ ಬೆರೆಸುವ ಇಂಥ ಪದಾರ್ಥಗಳನ್ನು ಲೇಬಲ್‌ನಲ್ಲಿ ಸಂಖ್ಯೆಯಿಂದಲೂ ಬರೆಯುತ್ತಾರೆ). ‘ಎಗ್‌ಲೆಸ್’ ಎಂದು ಬರೆದ ಕೇಕಿನಲ್ಲಿ ಮೊಟ್ಟೆಯ ಬದಲು ಹಾಲಿನ ಪುಡಿ, ಮೊಸರು, ಸೋಯಾ ಸೇರಿರಬಹುದು. ಸೋಯಾ ಹೆಚ್ಚಾಗಿ ಅಡಗಿರುವುದು ‘ಎಮಲ್ಸಿಫೈಯರ್ 322’ ಎಂಬಲ್ಲಿ. ಅದು ಎಣ್ಣೆ, ನೀರು ಬೆರೆತಿರಲು ಹಾಕುವ ಲೆಸಿಥಿನ್, ಬಹುಪಾಲು ಸೋಯಾದ್ದು, ಕೆಲವೊಮ್ಮೆ ಸೂರ್ಯಕಾಂತಿಯದು. ‘ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್’ ಸೋಯಾ, ಗೋಧಿ, ಕಡಲೆಕಾಯಿ ಯಾವುದರಿಂದಲೂ ಬಂದಿರಬಹುದು. ಸಲ್ಫೈಟ್‌ಗಳ ಸಂಖ್ಯೆ 220ರಿಂದ 228. ಬಿಸ್ಕತ್ತಿನಲ್ಲಿ 223, ಹೊಂಬಣ್ಣದ ಒಣದ್ರಾಕ್ಷಿ, ಏಪ್ರಿಕಾಟ್‌ನಲ್ಲಿ 220 ಸಾಮಾನ್ಯ. ಆಸ್ತಮಾ ಇರುವ ಮಕ್ಕಳ ಮನೆಯವರು ಇದನ್ನು ನೆನಪಿಡಬೇಕು.

ಗೋಧಿ ಆಗದವರು ಮೈದಾ, ರವೆ, ಸೆಮೊಲಿನಾ ಹುಡುಕುತ್ತಾರೆ, ಇಂಗನ್ನು ಮರೆಯುತ್ತಾರೆ. ಅಂಗಡಿಯ ಇಂಗು ಅಪ್ಪಟ ರಾಳವಲ್ಲ. ಅಂಟು ಮತ್ತು ಹಿಟ್ಟು ಬೆರೆಸಿದ್ದು, ಆ ಹಿಟ್ಟು ಹಲವು ಬ್ರಾಂಡ್‌ಗಳಲ್ಲಿ ಗೋಧಿಯದು. ಅಕ್ಕಿಹಿಟ್ಟಿನ ಕೋಡುಬಳೆಯ ಪಟ್ಟಿಯಲ್ಲಿ ‘ಅಸಾಫೀಟಿಡಾ’ ಕಂಡರೆ ಕಂಪನಿಯನ್ನು ಕೇಳದೆ ಕೊಡಬೇಡಿ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ.

ಕಡಲೆ ಎಂದರೆ ಯಾವ ಕಡಲೆ?

ಕನ್ನಡದಲ್ಲಿ ಕೇಳುವಾಗ ಇನ್ನೊಂದು ಅಪಾಯವಿದೆ. ಕಡಲೆಕಾಯಿ, ಕಡಲೆಬೀಜ, ನೆಲಗಡಲೆ, ಶೇಂಗಾ ಒಂದೇ ಪದಾರ್ಥ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಬೇರೆ ಕಾಳು. ಕಡಲೆಪುರಿ ಎಂದರೆ ಅಕ್ಕಿಯ ಪುರಿ. ಕಡಲೆ ಮಿಠಾಯಿ ಎಂದರೆ ಶೇಂಗಾ ಚಿಕ್ಕಿ. ‘ಇದರಲ್ಲಿ ಕಡಲೆ ಇದೆಯಾ?’ ಎಂದು ಕೇಳಿದರೆ ಅಂಗಡಿಯವರು ಕಡಲೆಹಿಟ್ಟಿನ ಲೆಕ್ಕದಲ್ಲಿ ‘ಇಲ್ಲ’ ಎನ್ನಬಹುದು, ನೀವು ಶೇಂಗಾ ಇಲ್ಲ ಎಂದುಕೊಳ್ಳಬಹುದು. ಆದ್ದರಿಂದ ಎರಡು ಹೆಸರು ಸೇರಿಸಿಯೇ ಕೇಳಿ: ‘ಕಡಲೆಕಾಯಿ, ಅಂದ್ರೆ ಶೇಂಗಾ ಬೀಜ, ಹಾಕಿದ್ದೀರಾ? ಅದರ ಎಣ್ಣೇಲಿ ಕರಿದಿದ್ದೀರಾ? ಶೇಂಗಾ ಕರಿದ ಎಣ್ಣೇಲೇ ಇದನ್ನೂ ಕರೀತೀರಾ?’ ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಇರುವುದು ಅತ್ಯಲ್ಪ; ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಎಣ್ಣೆಗೆ ‘ಕಂಟೇನ್ಸ್’ ಸಾಲಿನ ವಿನಾಯಿತಿ ಇರುವುದರಿಂದ ಅದರ ಹೆಸರನ್ನು ಸಾಮಗ್ರಿ ಪಟ್ಟಿಯಲ್ಲೇ ನೋಡಬೇಕು.

ಒಂದು ಲೇಬಲ್ ಓದಿ ನೋಡೋಣ

ಸಾಧಾರಣ ಸಿಹಿ ಬಿಸ್ಕತ್ತಿನ ಪಟ್ಟಿ ಹೀಗಿರುತ್ತದೆ: ‘ರಿಫೈನ್ಡ್ ವೀಟ್ ಫ್ಲೋರ್, ಶುಗರ್, ಎಡಿಬಲ್ ವೆಜಿಟಬಲ್ ಆಯಿಲ್ ಪಾಮ್, ಇನ್ವರ್ಟ್ ಸಿರಪ್, ರೈಸಿಂಗ್ ಏಜೆಂಟ್ಸ್ 503, 500, ಮಿಲ್ಕ್ ಸಾಲಿಡ್ಸ್ 0.6%, ಸಾಲ್ಟ್, ಎಮಲ್ಸಿಫೈಯರ್ಸ್ 322, 471, ಡೋ ಕಂಡಿಷನರ್ 223.’

ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ: ಮೊದಲಿನದು ಹೆಚ್ಚು, ಕೊನೆಯದು ಕಡಿಮೆ. ಹಾಗೆಂದು ಕೊನೆಯದನ್ನು ಬಿಡುವಂತಿಲ್ಲ. 0.6% ಎಂದರೆ 100 ಗ್ರಾಂ ಬಿಸ್ಕತ್ತಿನಲ್ಲಿ 600 ಮಿಲಿಗ್ರಾಂ ಹಾಲಿನ ಘನ. ಹಾಲಿನ ಅಲರ್ಜಿ ತೀವ್ರವಾಗಿರುವ ಮಗುವಿಗೆ ಅದು ಸಣ್ಣ ಪ್ರಮಾಣವಲ್ಲ. 503, 500 ಉಬ್ಬಿಸುವ ಸೋಡಾಗಳು, ಅವುಗಳ ಚಿಂತೆ ಬೇಡ. 322 ಕಂಡಲ್ಲಿ ಸೋಯಾ ಎಂದು ಗುರುತಿಸಿಕೊಳ್ಳಿ. 223 ಸಲ್ಫೈಟ್. ಇಷ್ಟಾದ ಮೇಲೆ ‘ಕಂಟೇನ್ಸ್’ ಸಾಲಿಗೆ ಹೋಗಿ ನೀವು ಗುರುತಿಸಿದ್ದು ಅಲ್ಲಿದೆಯೇ ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಆ ಪೊಟ್ಟಣ ಬೇಡ. ‘ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್’ ಎಂದಷ್ಟೇ ಬರೆದು ಒಳಗಿನ ಮಸಾಲೆಗಳನ್ನು ಬಿಡಿಸಿ ಹೇಳದೆ ಇರಬಹುದು. ಸಾಸಿವೆ ಅಡಗುವುದು ಅಲ್ಲಿಯೇ.

‘ಮೇ ಕಂಟೇನ್’ ಎಂದರೆ ಅದೇ ಯಂತ್ರದಲ್ಲಿ, ಅದೇ ಕಾರ್ಖಾನೆಯಲ್ಲಿ ಬೇರೆ ತಿಂಡಿ ತಯಾರಾಗುವಾಗ ಬೆರಕೆಯಾಗಿರಬಹುದು ಎಂದು. ‘ಟ್ರೇಸಸ್’ ಎಂದು ಬರೆದಿದ್ದರೆ ಕಡಿಮೆ ಅಪಾಯ ಎಂದು ಊಹಿಸಬೇಡಿ. ಮಾತಿನ ಧಾಟಿಗೂ ಒಳಗಿನ ಪ್ರಮಾಣಕ್ಕೂ ಸಂಬಂಧವಿಲ್ಲ. ಹಿಂದೆ ಒಮ್ಮೆ ತಿಂದು ಏನೂ ಆಗಲಿಲ್ಲ ಎಂಬುದೂ ಆಧಾರವಲ್ಲ: ಬೆರಕೆ ಒಂದು ಬ್ಯಾಚಿನಲ್ಲಿ ಇರದೆ ಮುಂದಿನದರಲ್ಲಿ ಇರಬಹುದು. ಇಂಥ ಪೊಟ್ಟಣವನ್ನು ಕೊಡಬಹುದೇ, ಕೇಕ್, ಬಿಸ್ಕತ್ತಿನಂತೆ ಬೇಯಿಸಿದ ತಿಂಡಿಯೊಳಗಿನ ಮೊಟ್ಟೆ ಅಥವಾ ಹಾಲು ಆಗುತ್ತದೆಯೇ ಎಂಬುದನ್ನು ನಿಮ್ಮ ಮಗುವಿನ ವೈದ್ಯರೇ ಹೇಳಬೇಕು. ಅವರು ಹೇಳುವವರೆಗೆ ಬೇಡ.

ಹಸಿರು ಚುಕ್ಕಿ ಸಸ್ಯಾಹಾರದ ಗುರುತು. ಹಾಲು, ಗೋಧಿ, ಶೇಂಗಾ ಎಲ್ಲವೂ ಹಸಿರು ಚುಕ್ಕಿಯೊಳಗೆ ಬರುತ್ತವೆ. ವೀಗನ್ ಗುರುತಿದ್ದರೂ ‘ಮೇ ಕಂಟೇನ್ ಮಿಲ್ಕ್’ ಇರಬಹುದು.

ಲೇಬಲ್ ಇಲ್ಲದ ಜಾಗಗಳು

ಹೊರಮೈ 100 ಚದರ ಸೆಂಟಿಮೀಟರ್ ಮೀರದ ಪುಟ್ಟ ಪೊಟ್ಟಣದ ಮೇಲೆ ಸಾಮಗ್ರಿ ಪಟ್ಟಿ ಇರಲೇಬೇಕೆಂದಿಲ್ಲ. ಅದು ಹೊರಗಿನ ದೊಡ್ಡ ಪ್ಯಾಕಿನ ಮೇಲಿರುತ್ತದೆ. ಶಾಲೆಯಲ್ಲಿ ಬರ್ತ್‌ಡೇ ದಿನ ಹಂಚುವ ಚಾಕೊಲೇಟ್, ಟಾಫಿ ಇದೇ ಜಾತಿ. ಟೀಚರ್ ಹತ್ತಿರ ನೀವು ಓದಿ ಒಪ್ಪಿದ ತಿಂಡಿಯ ಒಂದು ಡಬ್ಬಿ ಮೊದಲೇ ಕೊಟ್ಟಿಡಿ, ಮಗುವಿಗೆ ಅದರಿಂದಲೇ ಕೊಡಲಿ. ಕಾಂಡಿಮೆಂಟ್ಸ್ ಅಂಗಡಿಯ ತೂಕದ ಮಿಕ್ಸ್ಚರ್, ಬೇಕರಿಯ ಬೆಣ್ಣೆ ಬಿಸ್ಕತ್, ಹನಿ ಕೇಕ್, ದಿಲ್‌ಪಸಂದ್ ಬೇಡ ಎಂದೇ ಹೇಳಬೇಕಾಗುತ್ತದೆ. ಒಂದೇ ಚಮಚ, ಒಂದೇ ಟ್ರೇ, ಒಂದೇ ಬಾಣಲೆ. ಪ್ಲಾಸ್ಟಿಕ್ ಕವರಿಗೆ ಹೆಸರಿನ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಅದು ಲೇಬಲ್ ಆಗುವುದಿಲ್ಲ.

ಮನೆಯಲ್ಲಿ

ಲೇಬಲ್ ಮೂರು ಸಲ ಓದಿ: ಅಂಗಡಿಯಲ್ಲಿ, ಮನೆಯಲ್ಲಿ ಎತ್ತಿಡುವಾಗ, ಮಗುವಿನ ಕೈಗೆ ಕೊಡುವ ಮುಂಚೆ. ಹಳೆಯ ಪರಿಚಯದ ಬ್ರಾಂಡ್ ಆದರೂ ಅಷ್ಟೇ. ಪಾಕ ಬದಲಾಗುತ್ತದೆ, ದೊಡ್ಡ ಪ್ಯಾಕ್ ಒಂದು ಕಾರ್ಖಾನೆಯಲ್ಲಿ, ಚಿಕ್ಕದು ಇನ್ನೊಂದರಲ್ಲಿ ತಯಾರಾಗಬಹುದು. ಆ್ಯಪ್‌ನಲ್ಲಿ ತರಿಸಿದ್ದರೆ ಅಲ್ಲಿನ ಫೋಟೋ ಹಳೆಯದಿರಬಹುದು, ಕೈಗೆ ಬಂದ ಪೊಟ್ಟಣವನ್ನೇ ಓದಿ.

ಡಬ್ಬಿಗೆ ಸುರಿದ ತಕ್ಷಣ ಲೇಬಲ್ ಕಸಕ್ಕೆ ಹೋಗುವುದು ನಮ್ಮ ಮನೆಗಳ ರೂಢಿ. ಸಾಮಗ್ರಿ ಪಟ್ಟಿ ಮತ್ತು ಬ್ಯಾಚ್ ನಂಬರ್ ಇರುವ ಭಾಗವನ್ನು ಕತ್ತರಿಸಿ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ; ಹಳೆಯ ತಿಂಡಿ ತಳದಲ್ಲಿರುವಾಗ ಹೊಸದನ್ನು ಸುರಿಯಬೇಡಿ. ಅಜ್ಜಿ, ತಾತ, ಮಗುವನ್ನು ನೋಡಿಕೊಳ್ಳುವವರಿಗೆ ಇಂಗ್ಲಿಷ್ ಲೇಬಲ್ ಓದಲು ಕಷ್ಟವಾದರೆ ಅಡುಗೆಮನೆಯ ಒಂದು ಕಪಾಟನ್ನೇ ಮಗುವಿನದೆಂದು ಮಾಡಿ. ನೀವು ಓದಿ ಇಟ್ಟಿದ್ದು ಮಾತ್ರ ಅಲ್ಲಿರಲಿ.

ಅನುಮಾನವಿದ್ದರೆ ಪೊಟ್ಟಣದ ಮೇಲಿನ ಗ್ರಾಹಕ ಸಂಖ್ಯೆಗೆ ಕರೆ ಮಾಡುವುದಕ್ಕಿಂತ ಇಮೇಲ್ ಮಾಡಿ, ಉತ್ತರ ಬರಹದಲ್ಲಿರುತ್ತದೆ. ‘ಇದು ಸುರಕ್ಷಿತವೇ?’ ಎಂದು ಕೇಳಬೇಡಿ. ‘ಈ ಬ್ಯಾಚ್ ತಯಾರಾದ ಲೈನಿನಲ್ಲಿ ಶೇಂಗಾ ಇರುವ ತಿಂಡಿಯನ್ನೂ ಮಾಡುತ್ತೀರಾ? ನಡುವೆ ಹೇಗೆ ತೊಳೆಯುತ್ತೀರಿ?’ ಎಂದು ಕೇಳಿ.

ತಿಂದ ಮೇಲೆ ತುಟಿ, ನಾಲಿಗೆ ಊದಿದರೆ, ಧ್ವನಿ ಗೊಗ್ಗರಾದರೆ, ಉಸಿರಿಗೆ ಸುಯ್ ಸುಯ್ ಸದ್ದು ಬಂದರೆ, ಮೈ ದದ್ದಿನ ಜೊತೆಗೆ ಪದೇ ಪದೇ ವಾಂತಿಯಾದರೆ, ಮಗು ಮಂಕಾಗಿ ಬಿದ್ದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು, ಹಾಕುವುದನ್ನು ಕಲಿಸಿದ್ದರೆ ತಕ್ಷಣ ತೊಡೆಗೆ ಹಾಕಿ, 108ಕ್ಕೆ ಕರೆ ಮಾಡಿ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ನಡೆಸಬೇಡಿ. ಆಸ್ಪತ್ರೆಗೆ ಹೊರಡುವಾಗ ಆ ಖಾಲಿ ಪೊಟ್ಟಣವನ್ನೂ ಕೈಯಲ್ಲಿ ತೆಗೆದುಕೊಳ್ಳಿ.